ಅಜ್ಜಿಗೂ ಬೇಕು ಒಂದು ಹಗಲು ಮನೆ

‘ಹೇಗೂ ನಿನಗೆ ಕೆಲಸ ಆಗಲಿಲ್ಲವಲ್ಲ, ಅಜ್ಜಿಯನ್ನು ನೋಡಿಕೊಂಡು ಮನೆಯಲ್ಲೇ ಇರು.’ ಬಿ.ಕಾಂ. ಮುಗಿಸಿ ಬಂದ ನನಗೆ ಸಿಕ್ಕಿದ ಮೊದಲ ಉದ್ಯೋಗ ಇದು. ಸಂಬಳವಿಲ್ಲ, ರಜೆಯಿಲ್ಲ.

ನಮ್ಮದು ಬಂಟ್ವಾಳ ತಾಲೂಕಿನ ಹಳ್ಳಿ. ಅಜ್ಜಿ ನಲವತ್ತು ವರ್ಷ ಬೀಡಿ ಕಟ್ಟಿ ಮನೆ ನಡೆಸಿದವರು. ಈಗ ಅವರಿಗೆ ಡಿಮೆನ್ಶಿಯಾ. ಉಂಡು ಕೈ ತೊಳೆದ ಮೇಲೆ ‘ನನಗೆ ಯಾರೂ ಊಟ ಹಾಕಲಿಲ್ಲ’ ಎನ್ನುತ್ತಾರೆ. ಸಂಜೆಯಾದರೆ ಬೀಡಿ ಬ್ರಾಂಚಿಗೆ ಹೊತ್ತಾಯಿತೆಂದು ಅಂಗಳ ಇಳಿಯುತ್ತಾರೆ. ಒಮ್ಮೆ ಮೊಬೈಲಿನಲ್ಲಿ ನನ್ನ ಸಂದರ್ಶನ ನಡೆಯುತ್ತಿರುವಾಗ ಜಗಲಿ ಖಾಲಿಯಾಗಿತ್ತು. ಫೋನ್ ಬಿಟ್ಟು ಓಡಿದೆ. ತೋಟದ ತೋಡಿನ ಬದಿಯಲ್ಲಿ ಸಿಕ್ಕಿದರು. ಆ ಕೆಲಸ ತಪ್ಪಿತು. ಅಂದು ಅಜ್ಜಿಗೆ ಜೋರಾಗಿ ಬೈದೆ. ಅವರು ಹೆದರಿ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

ಇದನ್ನು ಗೆಳತಿಯರಲ್ಲಿ ಹೇಳಿಕೊಂಡಾಗ ನಾನೊಬ್ಬಳೇ ಅಲ್ಲವೆಂದು ತಿಳಿಯಿತು. ಬೆಳ್ತಂಗಡಿಯವಳೊಬ್ಬಳು ಅಜ್ಜನಿಗಾಗಿ ಬ್ಯಾಂಕ್ ಪರೀಕ್ಷೆಯ ತರಬೇತಿ ಬಿಟ್ಟಿದ್ದಾಳೆ. ಮೂಡುಬಿದಿರೆಯ ಇನ್ನೊಬ್ಬಳ ತಾಯಿ ಅತ್ತೆಯನ್ನು ಕೋಣೆಯಲ್ಲಿ ಕೂಡಿ ಹಾಕಿ ಕೆಲಸಕ್ಕೆ ಹೋಗುತ್ತಾರಂತೆ. ಕೇಳಿದರೆ ಕಣ್ಣೀರು ಹಾಕುತ್ತಾರೆ, ಬೇರೆ ದಾರಿ ಇಲ್ಲ.

‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ತಳ್ಳಿಹಾಕುವುದು ನಿಜವಾಗಿ ಮೆದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಪೇಟೆಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು.

ನಮಗೆ ಬೇಕಾಗಿರುವುದು ಹಗಲು ಆರೈಕೆ ಕೇಂದ್ರ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥ ಆರೈಕೆ ನೀಡುತ್ತಿದೆ. ಇಂಥ ಕೇಂದ್ರಗಳಲ್ಲಿ ದಿನವೂ ಅದೇ ಮುಖಗಳು, ಅದೇ ಹೊತ್ತಿಗೆ ಊಟ, ಮಾತ್ರೆ, ಹಾಡು, ಸಣ್ಣ ನಡಿಗೆ, ಕೈಗೆ ಗೊತ್ತಿರುವ ಕೆಲಸ. ಕಾಯಿಲೆ ಇದರಿಂದ ವಾಸಿಯಾಗದು. ಆದರೆ ಗಾಬರಿ ತಗ್ಗುತ್ತದೆ. ಹಗಲು ತೂಕಡಿಸದವರಿಗೆ ರಾತ್ರಿ ನಿದ್ದೆಯೂ ಸುಲಭ. ನೋಡಿಕೊಳ್ಳುವವರಿಗೆ ಉಸಿರಾಡಲು ನಾಲ್ಕು ಗಂಟೆ ಸಿಗುತ್ತದೆ.

ಕೈಯ ನೆನಪು ಎಷ್ಟು ಗಟ್ಟಿ ಎಂಬುದನ್ನು ಮನೆಯಲ್ಲೇ ಕಂಡಿದ್ದೇನೆ. ಹಳೆಯ ಪೇಪರನ್ನು ಬೀಡಿ ಎಲೆಯ ಅಳತೆಗೆ ಕತ್ತರಿಸಿ ತಡ್ಪೆಯಲ್ಲಿಟ್ಟು ಕೊಟ್ಟೆ. ನನ್ನ ಹೆಸರು ಮರೆತ ಅಜ್ಜಿ ಒಂದು ಗಂಟೆ ಸುರುಟಿ, ನೂಲು ಕಟ್ಟಿ, ಸಾಲಾಗಿ ಜೋಡಿಸಿದರು. ಅಂದು ಸಂಜೆ ಅಂಗಳ ಇಳಿಯಲಿಲ್ಲ.

‘ಹಿರಿಯರನ್ನು ಹೊರಗೆ ಹಾಕುವುದಾ?’ ಎಂದು ನೆಂಟರು ಕೇಳುತ್ತಾರೆ. ಮಗುವನ್ನು ಅಂಗನವಾಡಿಗೆ ಕಳಿಸಿದ ತಾಯಿಗೆ ಯಾರಾದರೂ ಹಾಗೆ ಕೇಳುತ್ತಾರೆಯೇ? ಇದು ವೃದ್ಧಾಶ್ರಮವಲ್ಲ. ಬೆಳಗ್ಗೆ ಹೋದವರು ಸಂಜೆ ಮನೆಗೇ ಬರುತ್ತಾರೆ. ಮನೆಯವರು ಸೋತು ಕೈಚೆಲ್ಲದೆ ಇದ್ದರೆ ತಾನೇ ಅಜ್ಜಿ ಕೊನೆಯವರೆಗೂ ಮನೆಯಲ್ಲಿ ಇರಲು ಸಾಧ್ಯ?

ಪಕ್ಕದ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ಹಿರಿಯರಿಗಾಗಿ ‘ಪಗಲ್ ವೀಡು’, ಅಂದರೆ ಹಗಲು ಮನೆಗಳನ್ನು ನಡೆಸುತ್ತಿವೆ. ನಮ್ಮ ಸರಕಾರವೂ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯತ್‌ಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ಹಾಗೆಯೇ ಮೊದಲು ತಾಲೂಕಿಗೊಂದರಂತೆ ಮರೆವಿನ ಹಿರಿಯರಿಗೂ ಹಗಲು ಮನೆ ಬರಲಿ, ಕರೆತಂದು ಬಿಡಲು ಒಂದು ವಾಹನವಿರಲಿ. ತರಬೇತಿ ಕೊಟ್ಟರೆ ಅಲ್ಲಿ ಸಂಬಳಕ್ಕೆ ದುಡಿಯಲು ನಮ್ಮಂಥ ಯುವಜನರೇ ಇದ್ದೇವೆ. ಮನೆಯಲ್ಲಿ ‘ಖಾಲಿ ಕೂತವಳು’ ಮಾಡುವ ಇದೇ ಕೆಲಸ ಅಲ್ಲಿ ಉದ್ಯೋಗವಾಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನು ಕೇಳಲಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಅಜ್ಜ ಅಜ್ಜಿ ಇದ್ದರೆ ನಿಮ್ಮ ಊರಿನ ಸಭೆಯಲ್ಲಿ ನೀವೂ ಕೇಳಿ. ಅಲ್ಲಿಯವರೆಗೆ ನಾನು ಪೇಪರ್ ಕತ್ತರಿಸುತ್ತಿರುತ್ತೇನೆ.