ಕೋಣಗಳು ಹೆಚ್ಚಿದರೆ ಗಿಡಕ್ಕೇನು ಲಾಭ?

ಎರಡು ಕೋಣಗಳು ಕಾದಾಡಿದರೆ ನಡುವಣ ಗಿಡಕ್ಕೆ ಸಾವು ಎಂಬ ಗಾದೆ ಕನ್ನಡದಲ್ಲಿ ಬಹು ಹಳೆಯದು. ಎರಡನೆಯ ಮಹಾಯುದ್ಧದ ಅನಂತರದ ಶೀತಲ ಸಮರಕ್ಕೆ ಇದಕ್ಕಿಂತ ಅಡಕವಾದ ವ್ಯಾಖ್ಯಾನ ದೊರೆಯಲಾರದು. ಅಮೆರಿಕವೂ ಸೋವಿಯತ್ ಒಕ್ಕೂಟವೂ ಪರಸ್ಪರ ನೇರ ಯುದ್ಧ ಸಾರಲಿಲ್ಲ. ನಲುಗಿದುದು ಕೊರಿಯ, ವಿಯೆಟ್ನಾಂ, ಅಂಗೋಲ, ಅಫ್ಘಾನಿಸ್ತಾನಗಳು. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡ ಬಳಿಕ ಕಣದಲ್ಲಿ ಒಂದೇ ಕೋಣ ಉಳಿಯಿತು. ಗಿಡ ಆಗಲೂ ಸುರಕ್ಷಿತವಾಗಿರಲಿಲ್ಲವೆಂಬುದಕ್ಕೆ 2003ರ ಇರಾಕ್ ಯುದ್ಧವೇ ಸಾಕ್ಷಿ.

ಈಗ ಕಣ ಮತ್ತೆ ತುಂಬುತ್ತಿದೆ. ಚೀನಾ ಜಗತ್ತಿನ ಎರಡನೆಯ ದೊಡ್ಡ ಆರ್ಥಿಕತೆಯಾಗಿದೆ. 2009ರಲ್ಲಿ ನಾಲ್ಕು ರಾಷ್ಟ್ರಗಳ ಶೃಂಗಸಭೆಯೊಂದಿಗೆ ಆರಂಭವಾದ ಬ್ರಿಕ್ಸ್ ಕೂಟಕ್ಕೆ ದಕ್ಷಿಣ ಆಫ್ರಿಕ, ಈಜಿಪ್ಟ್, ಇಥಿಯೋಪಿಯ, ಇರಾನ್, ಇಂಡೋನೇಷ್ಯ ಮೊದಲಾದ ದೇಶಗಳು ಸೇರಿವೆ. 2023ರ ದೆಹಲಿ ಸಮಾವೇಶದಲ್ಲಿ ಆಫ್ರಿಕ ಒಕ್ಕೂಟವು ಜಿ-20ರ ಸದಸ್ಯತ್ವ ಪಡೆಯಿತು. ಈ ಬಹುಧ್ರುವೀಯತೆಯನ್ನು ನ್ಯಾಯದ ಉದಯವೆಂದೇ ಬಣ್ಣಿಸುವವರು ಹಲವರು. ಆದರೆ ಧ್ರುವಗಳ ಸಂಖ್ಯೆ ಬೇರೆ, ಸಮಾನತೆ ಬೇರೆ.

ಭದ್ರತಾ ಮಂಡಳಿಯನ್ನೇ ನೋಡಬಹುದು. 193 ಸದಸ್ಯರಿರುವ ವಿಶ್ವಸಂಸ್ಥೆಯಲ್ಲಿ ವೀಟೋ ಅಧಿಕಾರವಿರುವುದು ಐದು ದೇಶಗಳಿಗೆ ಮಾತ್ರ. ಅವುಗಳಲ್ಲಿ ಆಫ್ರಿಕದ್ದಾಗಲಿ ಲ್ಯಾಟಿನ್ ಅಮೆರಿಕದ್ದಾಗಲಿ ಒಂದೂ ಇಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಕುರಿತ ನಿರ್ಣಯವನ್ನು ರಷ್ಯ ತಡೆಯಿತು. 2023ರ ಡಿಸೆಂಬರಿನಲ್ಲಿ ಗಾಜಾ ಕದನವಿರಾಮದ ನಿರ್ಣಯವನ್ನು ಅಮೆರಿಕ ತಡೆಯಿತು. ಧ್ರುವಗಳು ಎರಡು, ಆಯುಧ ಒಂದೇ. ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಪ್ರಮುಖ ತೀರ್ಮಾನಗಳಿಗೆ ಶೇ. 85ರಷ್ಟು ಮತ ಬೇಕು, ಶೇ. 16ಕ್ಕೂ ಮಿಕ್ಕು ಮತ ಹೊಂದಿರುವ ಅಮೆರಿಕವೊಂದೇ ಅವನ್ನು ನಿಲ್ಲಿಸಬಲ್ಲುದು. ಇದಕ್ಕೆ ಪರ್ಯಾಯವೆಂದು ಬ್ರಿಕ್ಸ್ ದೇಶಗಳು ಕಟ್ಟಿದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನಲ್ಲಿ ಐದು ಸ್ಥಾಪಕರಿಗೆ ಸಮಪಾಲಿದೆ, ಯಾರಿಗೂ ವೀಟೋ ಇಲ್ಲ. ಇದು ನಿಜವಾದ ಮುನ್ನಡೆ. ಆದರೂ ಸ್ಥಾಪಕರ ಒಟ್ಟು ಮತಬಲ ಶೇ. 55ಕ್ಕಿಂತ ಕೆಳಗಿಳಿಯದಂತೆ ಅಲ್ಲಿಯೂ ನಿಯಮವಿದೆ. ಹೊಸ ಮನೆಯಲ್ಲಿಯೂ ಜಗಲಿ ಹಿರಿಯರಿಗೇ ಮೀಸಲು.

ಸಂಖ್ಯೆಯಲ್ಲಿ ಕಿರಿದಾದವರನ್ನು ಕಾಯುವುದು ಬಲಿಷ್ಠರ ಪೈಪೋಟಿಯಲ್ಲ, ಬರೆದಿಟ್ಟ ನಿಯಮ. ಗಡಿನಾಡಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 1956ರಲ್ಲಿ ರಾಜ್ಯಗಳ ಗೆರೆಗಳು ಬದಲಾದಾಗ ಕಾಸರಗೋಡಿನ ಕನ್ನಡ ಮಗುವಿಗೆ ಆಸರೆಯಾಗಬೇಕಾದುದು ಯಾವುದೇ ರಾಜಧಾನಿಯ ಔದಾರ್ಯವಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವ, ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ. ನಿಯಮವಿದ್ದರೆ ಸಾಲದು, ಅದು ಜಾರಿಯಾಗಬೇಕೆಂಬುದೂ ಇಲ್ಲಿಯವರ ಅನುಭವವೇ. ಆದರೆ ನಿಯಮವೇ ಇಲ್ಲದಿದ್ದಲ್ಲಿ ಕೇಳುವುದಕ್ಕೆ ಆಧಾರವೇ ಉಳಿಯದು.

ಆದುದರಿಂದ ಬರಲಿರುವ ಜಗತ್ತಿನಲ್ಲಿ ಎಷ್ಟು ಧ್ರುವಗಳಿವೆಯೆಂಬುದು ಎರಡನೆಯ ಪ್ರಶ್ನೆ. ವೀಟೋ ಯಾರ ಕೈಯಲ್ಲಿದೆ, ಸಣ್ಣ ದೇಶದ ಮತಕ್ಕೆ ತೂಕವೆಷ್ಟು, ನಿಯಮ ಬಲಿಷ್ಠನಿಗೂ ಅನ್ವಯಿಸುವುದೇ ಎಂಬುದು ಮೊದಲನೆಯದು. ಭದ್ರತಾ ಮಂಡಳಿಯಲ್ಲಿ ಶಾಶ್ವತ ಸ್ಥಾನ ಬಯಸುವ ಭಾರತವೂ ಈ ಪ್ರಶ್ನೆಗೆ ಉತ್ತರಿಸಬೇಕು. ಗಿಡಕ್ಕೆ ಬೇಕಾದುದು ಮತ್ತೊಂದು ಕೋಣವಲ್ಲ, ಬೇಲಿ.