ಲೂಪಸ್: ಹುಷಾರಾದ ಮೇಲೂ ಹುಷಾರಾಗಿರಿ

ಕಳೆದ ಬೇಸಿಗೆಯಲ್ಲಿ ಕನಕಪುರದ ಕಡೆಯ ಹಳ್ಳಿಯೊಂದರಿಂದ ಅತ್ತೆ-ಸೊಸೆ ಇಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಅವರ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಸಾಕುವವರಿಗೆ ಗೊತ್ತು, ಆಮೇಲಿನ ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಯವರಿಗೆ ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಕೆಲಸ ಬಿಟ್ಟು ಬಂದಿದ್ದಾರೆಂದರೆ ವಿಷಯ ಸಣ್ಣದಲ್ಲ. ಸೊಸೆಗೆ ಇಪ್ಪತ್ತನಾಲ್ಕು ವರ್ಷ. ಎರಡೂ ಕಾಲು ಊದಿಕೊಂಡಿದ್ದವು. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಯೂ ದಪ್ಪಗಾಗಿರುತ್ತದೆ ಎಂದಳು. "ಬಿಸಿಲಾಗೆ ಸೊಪ್ಪು ಕುಯ್ದು ಸೊರಗವ್ಳೆ ಸಾರ್, ಒಂದು ಗ್ಲೂಕೋಸ್ ಹಾಕ್ಬುಡಿ" ಎಂದರು ಅತ್ತೆ.

ಆಕೆಯ ತವರು ರಾಮನಗರ. ಹಾಗಾಗಿ ಮದುವೆಗೆ ಮೊದಲಿನಿಂದಲೂ ನನಗೆ ಪರಿಚಯ. ಅತ್ತೆಯವರನ್ನು ಸ್ವಲ್ಪ ಹೊರಗೆ ಕೂರಲು ಹೇಳಿ, "ಮಾತ್ರೆ ತೆಗೆದುಕೊಳ್ಳುತ್ತಿದ್ದೀಯೇನಮ್ಮಾ?" ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ಮದುವೆಗೆ ಎರಡು ತಿಂಗಳಿದೆ ಎನ್ನುವಾಗಲೇ ಮಾತ್ರೆ ನಿಂತಿತ್ತು. "ಹುಷಾರಾಗಿದ್ದೀಯಲ್ಲ, ಇನ್ಯಾಕೆ? ಗಂಡಿನ ಕಡೆಯವರು ನೋಡಿದರೆ ಏನಂದುಕೊಂಡಾರು?" ಎಂದು ತವರಿನವರೇ ನಿಲ್ಲಿಸಿದ್ದರು. ಮೂತ್ರ ಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಧಾರಾಳವಾಗಿ ಹೋಗುತ್ತಿತ್ತು. ರಕ್ತದೊತ್ತಡವೂ ಏರಿತ್ತು. ಅಂದರೆ ಲೂಪಸ್ ಆಕೆಯ ಮೂತ್ರಪಿಂಡಕ್ಕೆ ಕೈ ಹಾಕಿತ್ತು.

ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇದು ಒಬ್ಬಳ ಕಥೆಯಲ್ಲ. ಲೂಪಸ್ ರೋಗಿಗೆ ಕಾಯಿಲೆ ಜೋರಾಗಿರುವಾಗ ಮನೆಮಂದಿಯೆಲ್ಲ ಓಡಾಡುತ್ತಾರೆ. ಕಾಯಿಲೆ ತಗ್ಗಿದಾಗ ಎಲ್ಲರೂ ಮರೆಯುತ್ತಾರೆ. ಆಕೆಗೆ ಹೆಚ್ಚಿನ ಕೇಡಾಗುವುದು ಆ ಮರೆವಿನಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೂಪಸ್ ಎಂದರೇನು? ನಮ್ಮ ದೇಹವನ್ನು ರೋಗಾಣುಗಳಿಂದ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ದೇಹದ ಅಂಗಗಳನ್ನು ಕಾಡುವ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ, ಯಾರದೋ ಶಾಪವಂತೂ ಅಲ್ಲ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹದಿನೈದರಿಂದ ನಲವತ್ತೈದರ ಪ್ರಾಯದವರು. ಬಿಡದ ಜ್ವರ, ಬೆಳಗಿನ ಹೊತ್ತು ಮರಗಟ್ಟುವ ಬೆರಳಿನ ಕೀಲುಗಳು, ಬಾಯಿಹುಣ್ಣು, ಕೂದಲು ಉದುರುವುದು, ಬಿಸಿಲಿಗೆ ಹೋದರೆ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯಾಕಾರದ ಕೆಂಪು, ಎಷ್ಟು ಮಲಗಿದರೂ ಹೋಗದ ಸುಸ್ತು ಇದರ ಲಕ್ಷಣಗಳು. ಎಲ್ಲರಿಗೂ ಎಲ್ಲವೂ ಬರಬೇಕೆಂದಿಲ್ಲ. 'ಎಎನ್‌ಎ' ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಎಂದು ಗಾಬರಿಯಾಗಬೇಡಿ. ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಇದೇ ಹುಡುಗಿ ಬೆರಳು ನೋವೆಂದು ಬಂದಾಗ, ಮನೆಗೆಲಸದ ನೋವಿರಬೇಕೆಂದು ಮೂರು ತಿಂಗಳು ನೋವಿನ ಮಾತ್ರೆ ಬರೆದುಕೊಟ್ಟವನು ನಾನು. ಕೆನ್ನೆಯ ಮೇಲಿನ ಕೆಂಪನ್ನು 'ಬಂಗು' ಎಂದುಕೊಂಡೆ. ಒಂದು ಮೂತ್ರ ಪರೀಕ್ಷೆ ಬರೆಯಲು ಹೊಳೆಯಲಿಲ್ಲ. ಕೊನೆಗೆ ಬೆಂಗಳೂರಿನ ಸಂಧಿವಾತ ತಜ್ಞರು ಕಾಯಿಲೆ ಗುರುತಿಸಿದರು. ವಯಸ್ಸಿನ ಹೆಣ್ಣುಮಗಳು ಜ್ವರ ಮತ್ತು ಕೀಲುನೋವೆಂದು ಮತ್ತೆ ಮತ್ತೆ ಬಂದರೆ ಲೂಪಸ್ಸನ್ನೂ ನೆನೆಯಬೇಕೆಂದು ನಾನು ಕಲಿತದ್ದು ಆಕೆಯಿಂದ.

ಈ ರೋಗಕ್ಕೆ ಮದ್ದಿಲ್ಲವೇ? ಬುಡಸಮೇತ ಕೀಳುವ ಮದ್ದಿಲ್ಲ, ಹದ್ದುಬಸ್ತಿನಲ್ಲಿಡುವ ಮದ್ದು ಇದೆ. 1950ರ ದಶಕದಲ್ಲಿ ಲೂಪಸ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ದಾಟುತ್ತಿರಲಿಲ್ಲ. ಇಂದು ಸರಿಯಾದ ಚಿಕಿತ್ಸೆಯಲ್ಲಿರುವ ಬಹುಪಾಲು ಮಂದಿ ದಶಕಗಳ ಕಾಲ ಬಾಳುತ್ತಾರೆ, ಮಕ್ಕಳನ್ನು ಹೆರುತ್ತಾರೆ, ದುಡಿಯುತ್ತಾರೆ. ಇದರಲ್ಲಿ ದೊಡ್ಡ ಪಾಲು ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಹಳೆಯ ಮಾತ್ರೆಯದು. ಮಲೇರಿಯಾ ಮದ್ದಿನ ವಂಶಕ್ಕೆ ಸೇರಿದ ಈ ಮಾತ್ರೆ ನೋವು ನಿವಾರಕವಲ್ಲ. ನುಂಗಿದ ದಿನವೇ ಗುಣ ಕಾಣಿಸುವುದಿಲ್ಲ. ಬಿಟ್ಟ ದಿನವೇ ನಷ್ಟವೂ ಕಾಣಿಸುವುದಿಲ್ಲ. ಜನ ಮೋಸಹೋಗುವುದು ಇಲ್ಲಿಯೇ.

1991ರಲ್ಲಿ ಪ್ರಕಟವಾದ ಕೆನಡಾ ದೇಶದ ಅಧ್ಯಯನವೊಂದನ್ನು ಗಮನಿಸಿ. ಈ ಮಾತ್ರೆ ತೆಗೆದುಕೊಂಡು ಆರಾಮಾಗಿದ್ದ 47 ರೋಗಿಗಳಲ್ಲಿ 25 ಮಂದಿಗೆ ಅದೇ ಮಾತ್ರೆ ಮುಂದುವರಿಸಿದರು. ಉಳಿದ 22 ಮಂದಿಗೆ ನೋಡಲು ಹಾಗೆಯೇ ಇದ್ದ, ಮದ್ದಿಲ್ಲದ ಮಾತ್ರೆ ಕೊಟ್ಟರು. ಆರು ತಿಂಗಳೊಳಗೆ ಮದ್ದು ಮುಂದುವರಿಸಿದವರಲ್ಲಿ 9 ಮಂದಿಗೆ ಕಾಯಿಲೆ ಮರುಕಳಿಸಿತು. ಮದ್ದು ತಪ್ಪಿದವರಲ್ಲಿ 16 ಮಂದಿಗೆ! ಇವರೆಲ್ಲರೂ ಶುರುವಿನಲ್ಲಿ 'ಹುಷಾರಾಗಿದ್ದವರೇ'. ಮಾತ್ರೆ ನುಂಗುತ್ತಿದ್ದುದರಿಂದಲೇ ಅವರಲ್ಲಿ ಹಲವರು ಹುಷಾರಾಗಿದ್ದರು ಎಂಬುದು ಇದರ ಅರ್ಥ.

2020ರ ಮಾರ್ಚಿನಲ್ಲಿ ಇದೇ ಮಾತ್ರೆ ಕೊರೊನಾಕ್ಕೆ ಮದ್ದಂತೆ ಎಂಬ ಸುದ್ದಿ ಹಬ್ಬಿ, ಜನ ಮುಗಿಬಿದ್ದು ಕೊಂಡರು. ಆಮೇಲೆ ಅದು ಕೊರೊನಾಕ್ಕೆ ನಾಟದೆಂದು ಗೊತ್ತಾಯಿತು. ಆದರೆ ಆ ದಿನಗಳಲ್ಲಿ ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆದರು. ಅಂದಿನಿಂದ ನನ್ನ ರೋಗಿಗಳಿಗೆ ಹೇಳುತ್ತಿದ್ದೇನೆ: ಮನೆಯಲ್ಲಿ ಸದಾ ಒಂದು ತಿಂಗಳಿಗಾಗುವಷ್ಟು ಮಾತ್ರೆ ಹೆಚ್ಚಿಗೆ ಇರಲಿ.

"ಕಣ್ಣು ಹೋಗುತ್ತದಂತಲ್ಲ ಸಾರ್?" ಎಂದು ಹಲವರು ಕೇಳುತ್ತಾರೆ. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಮೊದಲ ವರ್ಷಗಳಲ್ಲಿ ಆ ಅಪಾಯ ಬಹಳ ಕಡಿಮೆ. ಶುರುಮಾಡಿದಾಗ ಒಮ್ಮೆ, ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ತಜ್ಞರಿಗೆ ತೋರಿಸಿದರಾಯಿತು. ಮೂತ್ರಪಿಂಡ ಸೋತವರು ಇನ್ನೂ ಬೇಗ ತೋರಿಸಬೇಕು. ಸ್ಟಿರಾಯ್ಡ್ ಮಾತ್ರೆಯ ವಿಷಯ ಬೇರೆ. ಅದನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು ನಿಜ, ಆದರೆ ವೈದ್ಯರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮುಖ ಊದಿತೆಂದು ಒಂದೇ ಸಲಕ್ಕೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಗಂಟುನೋವಿಗೆಂದು ಹೆಸರಿಲ್ಲದ ಪುಡಿ, ಉಂಡೆ ಕೊಡುವವರ ಹತ್ತಿರ ಹೋಗಬೇಡಿ. ಅದರಲ್ಲಿ ಏನು ಬೆರೆತಿದೆಯೋ ಬಲ್ಲವರಿಲ್ಲ.

ಇನ್ನು ದಿನನಿತ್ಯದ ಮಾತು. ಬಿಸಿಲು ಈ ಕಾಯಿಲೆಗೆ ಎಣ್ಣೆ ಹೊಯ್ದಂತೆ. ನಮ್ಮ ಕಡೆ ಹಿಪ್ಪುನೇರಳೆ ತೋಟಕ್ಕೆ ಹೋಗದೆ ಬದುಕು ಸಾಗದು, ನಾನು ಬಲ್ಲೆ. ಆದರೆ ಮನೆಯೊಳಗೆ ಕೆಲಸ ಹಂಚಿಕೊಳ್ಳಬಹುದಲ್ಲ? ಸೊಪ್ಪು ಕುಯ್ಯುವುದು ಬೇರೆಯವರಿಗಿರಲಿ, ಹುಳುಮನೆಯ ನೆರಳಿನ ಕೆಲಸ ಆಕೆಗಿರಲಿ. ಹೊರಗೆ ಹೋಗಲೇಬೇಕಾದರೆ ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ, ತುಂಬುತೋಳಿನ ಅಂಗಿ ತೊಟ್ಟು, ಕೊಡೆ ಹಿಡಿದು ಹೋಗಲಿ. ಮಾಗಡಿಯಿಂದಲೋ ಕನಕಪುರದಿಂದಲೋ ಬಸ್ಸಿನಲ್ಲಿ ಬರುವಾಗ ಬಿಸಿಲು ಬೀಳದ ಕಡೆಯ ಸೀಟು ನೋಡಿ ಕೂರಲಿ. ಚನ್ನಪಟ್ಟಣದ ಬೊಂಬೆ ಕೆಲಸದಂಥ ಕೆಲಸ ನೆರಳಿನಲ್ಲೇನೋ ಸರಿ, ಬೆರಳು ಮರಗಟ್ಟುವ ಬೆಳಗಿನ ಹೊತ್ತು ಅದರಲ್ಲಿ ತುಸು ವಿರಾಮ ಬೇಕು. ಸುಸ್ತೆಂದು ಮಧ್ಯಾಹ್ನ ಅರ್ಧ ಗಂಟೆ ಮಲಗಿದರೆ ಸೋಮಾರಿಯೆನ್ನಬೇಡಿ. ಆ ಸುಸ್ತು ಕಾಯಿಲೆಯದು.

ಊಟದಲ್ಲಿ ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಎಂದು ಒಂದೊಂದಾಗಿ ಬಿಡಿಸಿ ಆಕೆಯನ್ನು ಬಡಕಲು ಮಾಡಬೇಡಿ. ಲೂಪಸ್ಸಿಗೆಂದೇ ಅಂಥ ಪಥ್ಯವಿಲ್ಲ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆಯಿರಲಿ. ಸ್ಟಿರಾಯ್ಡ್ ಮೂಳೆಯನ್ನು ಸವೆಸುವುದರಿಂದ ಸುಣ್ಣದಂಶ ಬೇಕು. ನಮ್ಮ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ, ಮುದ್ದೆ ಬಿಡಬೇಡಿ. ಬಿಸಿಲು ತಪ್ಪಿಸುವವರಿಗೆ ಡಿ ಜೀವಸತ್ವ ಕಡಿಮೆಯಾಗುತ್ತದೆ, ವೈದ್ಯರನ್ನು ಕೇಳಿ ಪೂರೈಸಿಕೊಳ್ಳಿ. ಜ್ವರ ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಕಾಯಬೇಡಿ. ಅದು ಲೂಪಸ್ಸಿನ ಜ್ವರವೋ ಸೋಂಕಿನದೋ ಪರೀಕ್ಷಿಸಿಯೇ ತಿಳಿಯಬೇಕು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಹಗೆ.

ಎಲ್ಲಕ್ಕಿಂತ ಮುಖ್ಯ ಮೂತ್ರ ಪರೀಕ್ಷೆ. ಸುಮಾರು ಹತ್ತರಲ್ಲಿ ನಾಲ್ವರು ಲೂಪಸ್ ರೋಗಿಗಳಿಗೆ ಒಂದಲ್ಲ ಒಂದು ದಿನ ಮೂತ್ರಪಿಂಡದ ತೊಂದರೆ ಬರುತ್ತದೆ. ಮೊದಮೊದಲು ಅದು ನೋಯುವುದಿಲ್ಲ. ಕಾಲು ಊದುವ ಹೊತ್ತಿಗೆ ಸಾಕಷ್ಟು ಹಾನಿಯಾಗಿರುತ್ತದೆ. ಮೂರು ತಿಂಗಳಿಗೊಮ್ಮೆ ಮೂತ್ರ, ರಕ್ತ ಮತ್ತು ರಕ್ತದೊತ್ತಡದ ತಪಾಸಣೆಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ನಮ್ಮ ನಾಲ್ಕೂ ಊರುಗಳಲ್ಲಿ ಮಾಡಿಸಬಹುದು. ಫಲಿತಾಂಶಗಳನ್ನೆಲ್ಲ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಸೇರಿಸಿಡಿ. ತಜ್ಞರ ಬಳಿ ವರ್ಷಕ್ಕೆ ಎರಡೋ ಮೂರೋ ಸಲ ಹೋಗುವಾಗ ಆ ಫೈಲೇ ಅರ್ಧ ವೈದ್ಯ. ನಡುವಿನ ತಿಂಗಳುಗಳನ್ನು ನೋಡಿಕೊಳ್ಳುವುದು ನಮ್ಮಂಥ ಊರ ವೈದ್ಯರ ಹೊಣೆ. "ದೊಡ್ಡ ಕಾಯಿಲೆ, ದೊಡ್ಡ ಡಾಕ್ಟರಿಗೇ ತೋರಿಸಿ" ಎಂದು ನಾವು ಕೈತೊಳೆದುಕೊಳ್ಳಬಾರದು.

ಕೊನೆಗೆ ಹೆಣ್ಣು ಹೆತ್ತವರಿಗೂ ಸೊಸೆ ತಂದುಕೊಂಡವರಿಗೂ ಒಂದು ಮಾತು. ಬಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಬಚ್ಚಿಡಬೇಕಾಗುತ್ತದೆ, ಬಚ್ಚಿಟ್ಟ ಮಾತ್ರೆ ದಿನವೂ ನುಂಗಲಾಗುವುದಿಲ್ಲ. ಹೇಳಿಯೇ ಮದುವೆ ಮಾಡಿ. ಕೇಳಿದ ಗಂಡಿನವರೂ ಬೆಚ್ಚಿ ಓಡಬೇಡಿ. ಕಾಯಿಲೆ ಕನಿಷ್ಠ ಆರು ತಿಂಗಳು ತಣ್ಣಗಿದ್ದಾಗ, ವೈದ್ಯರನ್ನು ಮೊದಲೇ ಕೇಳಿ ಗರ್ಭ ಧರಿಸಿದರೆ ಹೆಚ್ಚಿನವರು ಆರೋಗ್ಯದ ಮಗುವನ್ನು ಹೆರುತ್ತಾರೆ. ಕೆಲವು ಮದ್ದುಗಳನ್ನು ಅದಕ್ಕೆ ಮುಂಚೆ ಬದಲಿಸಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರ ಬಸುರಿನಲ್ಲೂ ಮುಂದುವರಿಯಬೇಕು.

ಆ ದಿನ ಆಕೆಯ ಒಪ್ಪಿಗೆಯಿಂದ ಅತ್ತೆಯವರನ್ನು ಒಳಗೆ ಕರೆದು ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸುಮ್ಮನೆ ಕೂತಿದ್ದು, "ಮೊದಲೇ ಹೇಳಿದ್ರೆ ಬಿಸಿಲಿಗೆ ಕಳಿಸ್ತಿದ್ನಾ ಸಾರ್?" ಎಂದರು. ಬೆಂಗಳೂರಿನಲ್ಲಿ ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸಿ, ಬಲವಾದ ಮದ್ದು ಶುರುಮಾಡಿದರು. ಮೂತ್ರದ ಪ್ರೋಟೀನ್ ಈಗ ಬಹಳ ಇಳಿದಿದೆ, ಪೂರ್ತಿ ನಿಂತಿಲ್ಲ. ಮಾತ್ರೆಯ ಡಬ್ಬಿ ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕದಲ್ಲೇ ಇದೆಯಂತೆ. ರಾತ್ರಿ ಊಟವಾದ ಮೇಲೆ, "ನುಂಗ್ದೇನವ್ವಾ?" ಎಂದು ಅತ್ತೆ ಕೇಳುತ್ತಾರಂತೆ.

ನಿಮ್ಮ ಮನೆಯಲ್ಲಿ ಲೂಪಸ್ ಇರುವವರಿದ್ದರೆ ಇಂದು ರಾತ್ರಿ ನೀವೂ ಕೇಳಿ. ಅವರು ಹುಷಾರಾಗಿದ್ದರೆ ತಪ್ಪದೆ ಕೇಳಿ.