ಬಿಳಿ ಕಾಗದಕ್ಕೆ ರುಜು ಹಾಕಬೇಡಿ

ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ವಯನಾಡಿಗೂ ಇನ್ನೊಂದು ಊಟಿಗೂ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವುದರೊಳಗೆ ಕಾಡು ದಾಟಬೇಕೆಂಬ ಧಾವಂತ ಲಾರಿಗೂ ಉಂಟು, ವಿಹಾರಕ್ಕೆ ಹೊರಟವರ ಕಾರಿಗೂ ಉಂಟು. ಇತ್ತ ಚಾಮರಾಜನಗರದ ಕಡೆ ಬದನಗುಪ್ಪೆಯ ಕಾರ್ಖಾನೆಗಳಿಗೆ ಹೋಗುವ ರಸ್ತೆಯೂ ದಿನೇ ದಿನೇ ಭಾರವಾಗುತ್ತಿದೆ. ಈ ರಸ್ತೆಗಳ ಅಂಚಿನಲ್ಲಿ ನಡೆಯುವವರು ಪಾಳಿ ಮುಗಿಸಿದ ಕಾರ್ಮಿಕರು, ಸಂತೆಗೆ ಹೊರಟ ಸಣ್ಣ ವ್ಯಾಪಾರಿಗಳು.

ಅವರಲ್ಲಿ ಒಬ್ಬ ವಾಹನಕ್ಕೆ ಸಿಕ್ಕಿ ಬಿದ್ದರೆ, ಆಸ್ಪತ್ರೆಯ ಹಾಸಿಗೆಯ ಬಳಿಗೆ ಮಧ್ಯಸ್ಥನೊಬ್ಬ ಬರುತ್ತಾನೆ. ಕೇಸು, ಕೋರ್ಟು ಎಂದು ಅಲೆಯುವುದೇಕೆ ಎಂದು ಬುದ್ಧಿ ಹೇಳಿ, ಹತ್ತೋ ಇಪ್ಪತ್ತೋ ಸಾವಿರ ಕೈಗಿಟ್ಟು, ಕಾಗದಕ್ಕೆ ರುಜು ಪಡೆದು ಹೋಗುತ್ತಾನೆ. ಪೊಲೀಸ್ ದೂರು ಅಲ್ಲಿಗೇ ನಿಲ್ಲುತ್ತದೆ. ಆ ಹಣ ಎರಡು ತಿಂಗಳಲ್ಲಿ ಕರಗುತ್ತದೆ. ಮುರಿದ ಕಾಲು ಮಾತ್ರ ಜೀವಮಾನವೆಲ್ಲ ಉಳಿಯುತ್ತದೆ.

ಓದುಗರು ಒಂದನ್ನು ಯೋಚಿಸಬೇಕು. ಪ್ರತಿ ಮೋಟಾರು ವಾಹನಕ್ಕೂ ಮೂರನೆಯವರ ವಿಮೆ ಕಡ್ಡಾಯ. ವಿಮೆ, ಲೈಸೆನ್ಸು ಎಲ್ಲವೂ ಸರಿಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಮಾಲೀಕನಲ್ಲ. ಹಾಗಿದ್ದೂ ಮಾಲೀಕ ರಾಜಿಗೆ ಅವಸರಪಡುತ್ತಾನೆಂದರೆ, ಅವನ ಕಾಗದಪತ್ರಗಳಲ್ಲಿ ಏನೋ ಕೊರೆಯಿದೆಯೆಂದೇ ಅನುಮಾನಿಸಬೇಕು.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಗಾಯಗೊಂಡವನು ತಾನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಕೇರಳದ ರಸ್ತೆಯಲ್ಲಿ ಪೆಟ್ಟಾದ ಗುಂಡ್ಲುಪೇಟೆಯವನು ಅಲ್ಲಿಗೆ ಅಲೆಯಬೇಕಿಲ್ಲ. ಅರ್ಜಿಗೆ ಆರು ತಿಂಗಳ ಮಿತಿಯನ್ನು 2022ರ ಏಪ್ರಿಲ್ 1ರಿಂದ ಮತ್ತೆ ಹೇರಲಾಗಿದೆ. ಈ ಮಿತಿ ಮೀರಿತೆಂದು ಅರ್ಜಿ ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆಯಾದರೂ, ಅದನ್ನೇ ನೆಚ್ಚಿ ಕೂರುವುದು ಬೇಡ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಉಂಟು. 2025ರ ಮೇ ತಿಂಗಳಲ್ಲಿ ಜಾರಿಯಾದ ಯೋಜನೆಯಂತೆ ಮೊದಲ ಏಳು ದಿನಗಳ ಚಿಕಿತ್ಸೆ, 1.5 ಲಕ್ಷದವರೆಗೆ, ನಗದಿಲ್ಲದೆ ಸಿಗಬೇಕು. ವಕೀಲರ ಶುಲ್ಕಕ್ಕೆ ಹೆದರುವವರು ತಿಳಿಯಲಿ: 1987ರ ಕಾನೂನು ಸೇವೆಗಳ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕನಿಗೂ ಎಲ್ಲ ಹೆಂಗಸರಿಗೂ ಉಚಿತ ವಕೀಲರ ನೆರವು ಹಕ್ಕಾಗಿದೆ.

ಸಂಬಳದ ಚೀಟಿಯಿಲ್ಲದವನ ದುಡಿಮೆಗೆ ಬೆಲೆ ಕಟ್ಟುವವರು ಯಾರು? ನಮ್ಮ ರಾಜ್ಯದ ತರಕಾರಿ ವ್ಯಾಪಾರಿಯೊಬ್ಬನಿಗೆ 2008ರ ಅಪಘಾತದಲ್ಲಿ ಬಲಗಾಲು ಹೋಯಿತು. ಅವನ ಸಂಪಾದನೆ ತಿಂಗಳಿಗೆ 3,500 ರೂಪಾಯಿ ಎಂದು ಕೆಳಗೆ ಎಣಿಸಿದ್ದರು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು 6,500ಕ್ಕೆ ಏರಿಸಿತು. ಅಂಥವನಿಂದ ವರಮಾನದ ದಾಖಲೆ ಕೇಳಬೇಕಾಗಿರಲಿಲ್ಲವೆಂದಿತು. ತರಕಾರಿ ಮಾರಲು ಮಂಡಿಯಿಂದ ಸರಕು ತರಬೇಕು, ಗಾಡಿ ತಳ್ಳಬೇಕು, ಅದಕ್ಕೆ ಕಾಲು ಬೇಕು ಎಂಬ ಸರಳ ಸತ್ಯವನ್ನು ಒಪ್ಪಿಕೊಂಡಿತು. ಈ ಮಾತು ಮನವರಿಕೆಯಾಗಲು ಬಡವ ದೆಹಲಿಯವರೆಗೆ ಹೋಗಬೇಕಾಯಿತು!

ಇನ್ನೊಂದು ಅನ್ಯಾಯ ಕಾನೂನಿನಲ್ಲಿಯೇ ಕುಳಿತಿದೆ. ತನ್ನ ಸರಕಿನೊಡನೆ ಗೂಡ್ಸ್ ಗಾಡಿಯಲ್ಲಿ ಹೋಗುವ ವ್ಯಾಪಾರಿಗೆ ವಿಮೆಯ ರಕ್ಷಣೆಯುಂಟು. ಅದೇ ಗಾಡಿಯಲ್ಲಿ ಕುರಿಗಳಂತೆ ತುಂಬಿಕೊಂಡು ಕೂಲಿಗೆ ಹೋಗುವವರನ್ನು ಬರಿಯ ಪ್ರಯಾಣಿಕರೆಂದು ಎಣಿಸಿದರೆ ಆ ರಕ್ಷಣೆಯಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬಸ್ಸು ಬಿಡದ ಸರ್ಕಾರ, ಟೆಂಪೋ ಕಳಿಸುವ ಗುತ್ತಿಗೆದಾರ ಇಬ್ಬರೂ ಸುರಕ್ಷಿತರು, ಬೀಳುವವಳು ಹೆಣ್ಣಾಳು. ಹೊಲಕ್ಕೂ ಕ್ವಾರಿಗೂ ಹೋಗುವ ಹೊತ್ತಿಗೆ ಬಸ್ಸು ಬಿಡಬೇಕು, ಕೂಲಿಯವರನ್ನೂ ವಿಮೆಯೊಳಗೆ ತರುವಂತೆ ಕಾಯಿದೆ ತಿದ್ದಬೇಕು, ಮಿಲ್ಲಿನ ಮಾಲೀಕರು ಪ್ರತಿಯೊಬ್ಬ ದುಡಿಮೆಗಾರನಿಗೂ ಸಂಬಳದ ಚೀಟಿ ಕೊಡಬೇಕು ಎಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ ನಮ್ಮ ಓದುಗರು ಮಾಡಬೇಕಾದುದು ಇಷ್ಟು. ವಾಹನದ ನಂಬರು ಬರೆದಿಡಿ. ದೂರು ದಾಖಲಿಸಿ ಅದರ ನಕಲು ಪಡೆಯಿರಿ. ಔಷಧಿಯ ಒಂದು ಚೀಟಿಯನ್ನೂ ಎಸೆಯಬೇಡಿ. ಹಾಸಿಗೆಯ ಬಳಿ ಯಾರು ಕಾಗದ ಚಾಚಿದರೂ ನಾಳೆ ಬಾ ಎನ್ನಿ. ಆ ಕಾಗದವನ್ನು ಓದಲು ಬಾರದವರು ನಮ್ಮ ಪಕ್ಷದ ಕಚೇರಿಗೆ ತನ್ನಿ. ಓದಿ ಹೇಳುವುದು ನಮ್ಮ ಕೆಲಸ.